ಮಕ್ಕಳು ಬರೆದ ನಕ್ಷೆಗೆ ಉತ್ತರ ಕೊಡುವವರು ಯಾರು?

ಊರಿನ ನಕ್ಷೆ ಬರೆಯುವವರು ಯಾವುದನ್ನು ಗುರುತಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನೂ ನಿರ್ಧರಿಸುತ್ತಾರೆ. ಮಲೆನಾಡಿನವರಿಗೆ ಇದು ಹೊಸ ಮಾತಲ್ಲ. ತಲೆಮಾರುಗಳಿಂದ ನಡೆದ ಕಾಲುದಾರಿ, ಸೊಪ್ಪು ತರುವ ಬೆಟ್ಟ, ಬೇಸಿಗೆಯಲ್ಲೂ ಬತ್ತದ ಒರತೆ ಯಾವುದೂ ಯೋಜನೆಯ ನಕ್ಷೆಯಲ್ಲಿ ಕಾಣದಿರುವುದನ್ನು ಅವರು ಬಲ್ಲರು. ನಗರದ ಮಕ್ಕಳ ಪಾಡೂ ಇದೇ ಆಗಿದೆ.

ಬೆಂಗಳೂರು ದಂಡು ಪ್ರದೇಶದಿಂದ ಪೂರ್ವಕ್ಕೆ ಸಾಗಿದರೆ ಇದು ಸ್ಪಷ್ಟವಾಗುತ್ತದೆ. ನಗರದ ನಕ್ಷೆಯಲ್ಲಿ ಶಿವಾಜಿನಗರದ ಬಸ್ ನಿಲ್ದಾಣವಿದೆ, ಹಲಸೂರು ಕೆರೆಯಿದೆ, ಇಂದಿರಾನಗರದ ನೂರಡಿ ರಸ್ತೆಯಿದೆ, ಕೆ.ಆರ್. ಪುರದ ತೂಗುಸೇತುವೆಯೂ 2023ರಲ್ಲಿ ಅಲ್ಲಿಗೆ ತಲುಪಿದ ಮೆಟ್ರೋ ಮಾರ್ಗವೂ ಇವೆ. ಶಾಲೆಗೆ ಹೊರಟ ಮಗು ರಸ್ತೆ ದಾಟಲು ಎಲ್ಲಿ ಅಂಜುತ್ತದೆ, ಯಾವ ಮರದ ನೆರಳಿನಲ್ಲಿ ಗೆಳೆಯರು ಕೂಡುತ್ತಾರೆ, ಕೆರೆಯ ಬೇಲಿಯೊಳಕ್ಕೆ ಯಾವ ಬಾಗಿಲಿನಿಂದ ಹೋಗಬಹುದು ಎಂಬ ವಿವರ ಮಾತ್ರ ಇಲ್ಲ.

ಈ ಕೊರತೆಯನ್ನು ತುಂಬುವ ಗಂಭೀರ ಪ್ರಯತ್ನವೊಂದು ಇದೇ ನಗರದಲ್ಲಿ ನಡೆದಿತ್ತು. ನಗರ ಯೋಜನಾ ತಜ್ಞ ಕೆವಿನ್ ಲಿಂಚ್ 1970ರ ದಶಕದಲ್ಲಿ ಯುನೆಸ್ಕೋ ನೆರವಿನಿಂದ, ನಗರಗಳಲ್ಲಿ ಬೆಳೆಯುವ ಮಕ್ಕಳ ಅನುಭವವನ್ನು ಅರಿಯುವ ಅಧ್ಯಯನವನ್ನು ಆರಂಭಿಸಿದ್ದರು. ಲೂಯಿಸ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಅದು 1990ರ ದಶಕದ ಮಧ್ಯದಲ್ಲಿ ಎಂಟು ದೇಶಗಳಲ್ಲಿ ಮರುಜೀವ ಪಡೆದಾಗ, ಭಾರತದಿಂದ ಆಯ್ಕೆಯಾದುದು ಬೆಂಗಳೂರಿನ ಈಶಾನ್ಯ ಭಾಗದ ಸತ್ಯನಗರ. ಜನರೇ ಕಟ್ಟಿಕೊಂಡ ಬಡಾವಣೆಯದು. ಕಾಂಚನ್ ಬ್ಯಾನರ್ಜಿ ಮತ್ತು ಡೇವಿಡ್ ಡ್ರಿಸ್ಕೆಲ್ ಅಲ್ಲಿನ ಮಕ್ಕಳೊಂದಿಗೆ ಕೆಲಸ ಮಾಡಿದರು. ಮಕ್ಕಳು ತಮ್ಮ ಪರಿಸರದ ಚಿತ್ರ ಬರೆದರು, ದೊಡ್ಡವರನ್ನು ಬೀದಿಬೀದಿ ಸುತ್ತಿಸಿದರು, ಛಾಯಾಚಿತ್ರ ತೆಗೆದರು, ಬೆಳಗಿನಿಂದ ರಾತ್ರಿಯವರೆಗಿನ ದಿನಚರಿಯನ್ನು ವಿವರಿಸಿದರು.

ಹೊರಗಿನವರು ‘ಕೊಳೆಗೇರಿ’ ಎಂದು ಕರೆದ ಜಾಗವನ್ನು ಮಕ್ಕಳು ಬೇರೆಯಾಗಿ ಕಂಡಿದ್ದರು. ನೀರಿನ ಅಭಾವ, ಶೌಚಾಲಯದ ಕೊರತೆ, ಕಸದ ರಾಶಿ, ವಾಹನಗಳ ಭಯ ಎಲ್ಲವೂ ಅವರ ಮಾತಿನಲ್ಲಿದ್ದವು. ಜೊತೆಗೆ ಬೀದಿಯ ಆಟ, ಹಬ್ಬದ ಸಡಗರ, ಹೆಸರು ಹಿಡಿದು ಕರೆಯುವ ನೆರೆಹೊರೆ ಇದ್ದವು. ಮನೆಗೆಲಸ, ನೀರು ಹೊರುವ ಹೊರೆ ಹೆಣ್ಣುಮಕ್ಕಳ ಆಟದ ವೇಳೆಯನ್ನು ಕಸಿಯುತ್ತಿದ್ದುದೂ ಬೆಳಕಿಗೆ ಬಂದಿತು. ಕೊರತೆಯನ್ನಷ್ಟೇ ಎಣಿಸುವ ಸಮೀಕ್ಷೆಗೆ ಆ ಬೀದಿಯ ಸಂಪತ್ತು ಗೋಚರಿಸದು; ಗೋಚರಿಸದ ಸಂಪತ್ತನ್ನು ‘ಅಭಿವೃದ್ಧಿ’ ಸುಲಭವಾಗಿ ಅಳಿಸಿಬಿಡುತ್ತದೆ.

ಇಷ್ಟಾದರೂ ಮಕ್ಕಳ ಮಾತು ಸುಲಭವಾಗಿ ಕಾರ್ಯರೂಪಕ್ಕೆ ಬರಲಿಲ್ಲ. ಪಾಲುಗೊಳ್ಳುವಿಕೆಯ ಘೋಷಣೆಗೂ ಅಭಿವೃದ್ಧಿ ಸಂಸ್ಥೆಗಳ ನಡೆಗೂ ಇರುವ ಅಂತರವನ್ನು ಈ ಅಧ್ಯಯನಕಾರರೇ 2001ರ ಲೇಖನವೊಂದರಲ್ಲಿ ವಿಶ್ಲೇಷಿಸಿದರು. ಕೇಳಿ ಸುಮ್ಮನಾಗುವುದು ಕೇಳದಿರುವುದಕ್ಕಿಂತ ಕ್ರೂರ. ತನ್ನ ಮಾತಿಗೆ ಬೆಲೆಯಿಲ್ಲವೆಂಬ ಪಾಠವನ್ನು ಮಗು ಅಲ್ಲಿ ಮೊದಲ ಬಾರಿಗೆ ಕಲಿಯುತ್ತದೆ.

ಉತ್ತರ ದೊರೆತಾಗ ಏನಾಗುತ್ತದೆಂಬುದಕ್ಕೆ ಘಟ್ಟದ ತಪ್ಪಲಿನಲ್ಲಿ ನಿದರ್ಶನವಿದೆ. ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತಿಗಳು ರೂಪುಗೊಂಡವು. ಮಳೆಗಾಲದಲ್ಲಿ ಉಕ್ಕುವ ಹಳ್ಳ ದಾಟಲು ಕಾಲುಸಂಕ ಬೇಕೆಂಬ ಬೇಡಿಕೆಯನ್ನು ಮಕ್ಕಳೇ ಹಿರಿಯರ ಮುಂದಿಟ್ಟರು. 2006ರಲ್ಲಿ ಮಕ್ಕಳ ಗ್ರಾಮಸಭೆ ನಡೆಸುವಂತೆ ರಾಜ್ಯ ಸರ್ಕಾರವೇ ಸೂಚಿಸಿತು.

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಹೊಸ ಆಡಳಿತ ತನ್ನ ವಾರ್ಡುಗಳನ್ನು ಅರಿಯುವಾಗ ಮಕ್ಕಳ ನಕ್ಷೆಯನ್ನೂ ಮೇಜಿನ ಮೇಲಿಟ್ಟುಕೊಳ್ಳಲಿ. ಇದಕ್ಕೆ ದೊಡ್ಡ ಹಣ ಬೇಡ. ಮಕ್ಕಳು ಮುಂದೆ, ತಂದೆತಾಯಿ, ಅಜ್ಜಅಜ್ಜಿಯರು ಹಿಂದೆ ನಡೆಯಲಿ. ಭಯದ ಜಾಗ, ಇಷ್ಟದ ಜಾಗ, ನೀರು, ನೆರಳು, ಶೌಚಾಲಯ ಒಂದೊಂದಕ್ಕೂ ಮಕ್ಕಳೇ ಗುರುತು ಆರಿಸಲಿ. ಮಳೆಗಾಲದಲ್ಲೊಮ್ಮೆ, ಕತ್ತಲಾದ ಮೇಲೊಮ್ಮೆ ಅದೇ ದಾರಿಯನ್ನು ಮತ್ತೆ ನೋಡಲಿ. ಆ ಹಾಳೆಯನ್ನು ವಾರ್ಡ್ ಸಭೆಯಲ್ಲಿ ತೂಗುಹಾಕಿ, ಪ್ರತಿ ಗುರುತಿಗೂ ಲಿಖಿತ ಉತ್ತರ ಪಡೆಯಲಿ.

ಮಲೆನಾಡಿನ ಶಾಲೆಗಳೂ ಮುಂದಿನ ಮಕ್ಕಳ ಗ್ರಾಮಸಭೆಗೆ ಇಂಥದೊಂದು ಹಾಳೆಯೊಡನೆ ಹೋಗಬಹುದು. ಓದಿಗಾಗಿ ಬೆಂಗಳೂರು ಸೇರಿದ ವಿದ್ಯಾರ್ಥಿಗಳು ತಾವಿರುವ ಬೀದಿಯಲ್ಲೇ ಈ ಕೆಲಸಕ್ಕೆ ಕೈಹಚ್ಚಬಹುದು. ನಕ್ಷೆಯಲ್ಲಿ ಒಮ್ಮೆ ಹೆಸರು ಪಡೆದ ಮರವನ್ನೂ ಹಳ್ಳವನ್ನೂ ಕೇಳದೆ ಅಳಿಸುವುದು ಅಷ್ಟು ಸುಲಭವಾಗದು.