ಕಲಿಸುವವರಿಗೂ ಒಂದು ಏಣಿ ಬೇಕು

ಮೂರು ದಶಕಗಳನ್ನು ಕಡತಗಳ ನಡುವೆ ಕಳೆದ ನನಗೆ ಒಂದು ಮಾತು ಮನದಟ್ಟಾಗಿದೆ: ಸರ್ಕಾರ ಯಾವುದನ್ನು ಎಣಿಸುತ್ತದೆಯೋ ನೌಕರ ಅದನ್ನೇ ಮಾಡುತ್ತಾನೆ. ವಿಶ್ವವಿದ್ಯಾಲಯದ ಅಧ್ಯಾಪಕನೂ ಇದಕ್ಕೆ ಹೊರತಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರಲ್ಲಿ ಅಧ್ಯಾಪಕರ ಸಾಧನೆಯನ್ನು ಅಂಕಗಳಲ್ಲಿ ಅಳೆಯುವ ಪದ್ಧತಿಯನ್ನು ತಂದಿತು. 2018ರ ನಿಯಮಾವಳಿ ಅದನ್ನು ಸಡಿಲಿಸಿತಾದರೂ, ಬಡ್ತಿಯಿಂದ ಪ್ರೊಫೆಸರ್ ಆಗಬಯಸುವವರು ಕನಿಷ್ಠ 10 ಸಂಶೋಧನ ಪ್ರಕಟಣೆಗಳನ್ನು ತೋರಿಸಬೇಕೆಂದು ವಿಧಿಸಿತು. ಕಾಲೇಜಿನವರಿಗೂ ಅದೇ ಷರತ್ತು. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ಬೋಧನೆಯನ್ನೂ ಅದೇ ನಿಯಮಾವಳಿ ಗೊತ್ತುಮಾಡಿತು. ಪಾಠಕ್ಕೆ ಗಂಟೆಯ ಲೆಕ್ಕ, ಲೇಖನಕ್ಕೆ ಸಂಖ್ಯೆಯ ಲೆಕ್ಕ. ಗುಣದ ಲೆಕ್ಕ ಎರಡಕ್ಕೂ ಇಲ್ಲ. ಇದರ ಫಲವಾಗಿ, ಹಣ ತೆತ್ತರೆ ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕೆಗಳು ನಾಯಿಕೊಡೆಗಳಂತೆ ಎದ್ದವು. 2018ರ ಮೇ ತಿಂಗಳಲ್ಲಿ ಆಯೋಗವೇ ತನ್ನ ಅಂಗೀಕೃತ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ತೆಗೆದುಹಾಕಬೇಕಾಯಿತು.

ಹೊರನಾಡಿನ ಕನ್ನಡಿಗರಾದ ನಮಗೆ ಈ ಪೆಟ್ಟು ನೇರವಾಗಿಯೇ ತಗಲುತ್ತದೆ. ಮನೆಯಲ್ಲಿ ಕನ್ನಡ ಆಡುತ್ತಿದ್ದರೂ ಓದಲಾರದಿದ್ದ ನನ್ನ ಮಗಳಿಗೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಕ್ಷರ ತಿದ್ದಿಸಿ, ಎರಡೇ ವರ್ಷಗಳಲ್ಲಿ ಕಾದಂಬರಿಗಳನ್ನು ಓದುವಂತೆ ಮಾಡಿದವರು ಒಬ್ಬ ಕನ್ನಡ ಅಧ್ಯಾಪಕರು. ಅಂಥ ಎಷ್ಟೋ ಮಕ್ಕಳನ್ನು ಭಾಷೆಗೆ ಮರಳಿಸಿದ ಅವರು ಪ್ರೊಫೆಸರ್ ಆಗದೆಯೇ ನಿವೃತ್ತರಾದರು. ಅವರ ಪ್ರಕಟಣೆಗಳ ಪಟ್ಟಿ ಚಿಕ್ಕದಾಗಿತ್ತು. ಆ ಮಕ್ಕಳನ್ನು ಬರೆಯಲು ಅರ್ಜಿಯಲ್ಲಿ ಅಂಕಣವೇ ಇರಲಿಲ್ಲ!

ಆದ್ದರಿಂದ ನನ್ನ ವಾದ ಇಷ್ಟು: ಬೋಧನೆಗೊಂದು, ಸಂಶೋಧನೆಗೊಂದು ಪ್ರತ್ಯೇಕ ಬಡ್ತಿಯ ದಾರಿ ಇರಲಿ. ವೇತನ ಒಂದೇ, ಪದನಾಮ ಒಂದೇ. ಒಂದರಿಂದ ಇನ್ನೊಂದಕ್ಕೆ ದಾಟುವ ಸ್ವಾತಂತ್ರ್ಯವೂ ಇರಲಿ.

ಸಂಶೋಧನೆ ಮಾಡದವರ ಪಾಠ ಹಳಸುತ್ತದೆಂಬ ಆಕ್ಷೇಪವುಂಟು. ಹೊಸದನ್ನು ಓದುವುದು ಬೇರೆ, ಬಡ್ತಿಗಾಗಿ ಪ್ರಕಟಿಸುವುದು ಬೇರೆ. ಹಿರಿಯರು ತರಗತಿಯಲ್ಲಿ ಕುಳಿತು ಪಾಠ ಕೇಳಲಿ. ಅಧ್ಯಾಪಕರು ರೂಪಿಸಿದ ಪಠ್ಯಗಳನ್ನೂ ಅವರ ವಿದ್ಯಾರ್ಥಿಗಳ ಉತ್ತರಗಳನ್ನೂ ಪರಿಶೀಲಿಸಲಿ. ಹಳಸಿದ ಪಾಠ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಬೋಧಕರು ಎರಡನೆಯ ದರ್ಜೆಯವರಾಗುತ್ತಾರೆಂಬ ಭಯ ಮಾತ್ರ ನಿಜವಾದದ್ದು. ಕಡಿಮೆ ಸಂಬಳದ, ಖಾಯಮಾತಿಯಿಲ್ಲದ ಹುದ್ದೆಗಳನ್ನು 'ಬೋಧನೆಯ ದಾರಿ' ಎಂದು ಕರೆದರೆ ಅದು ಮೋಸವೇ ಸರಿ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯವು 2015ರಲ್ಲಿ ಬೋಧನಾ ಶ್ರೇಣಿಯವರಿಗೂ ಪ್ರೊಫೆಸರ್ ಪದನಾಮವನ್ನು ಕೊಟ್ಟಿತು. ಗುರುವನ್ನು ದೇವರೆಂದು ಕರೆಯುವ ನಾವು ಕಲಿಸುವವರಿಗೆ ಅಷ್ಟನ್ನಾದರೂ ಕೊಡಲಾರೆವೆ?