ಮನೆಯ ಗಣಕಯಂತ್ರ ಮತ್ತು ಧೂಳು

ತುಮಕೂರಿನ ಅಂತರಸನಹಳ್ಳಿಯಂತೆ ಕಾರ್ಖಾನೆಗಳೂ ಹೆದ್ದಾರಿಯೂ ಸಮೀಪದಲ್ಲಿರುವ ಕಡೆ, ಬೆಳಿಗ್ಗೆ ಗುಡಿಸಿದ ಮನೆಗೂ ಸಂಜೆಯೊಳಗೆ ಧೂಳು ಸೇರುವುದು. ಮೇಜಿನ ಗಣಕಯಂತ್ರದ ಬೀಸಣಿಗೆಯು ಆ ಧೂಳನ್ನೇ ಒಳಗೆಳೆದುಕೊಳ್ಳುವುದು. ಶಾಖವನ್ನು ಹೊರಹಾಕುವ ಲೋಹದ ರೆಕ್ಕೆಗಳ ಸಂದಿಯಲ್ಲಿ ಅದು ಕಟ್ಟಿಕೊಂಡರೆ ಯಂತ್ರವು ಕಾದು, ಮಂದವಾಗಿ, ಕಡೆಗೆ ತಾನಾಗಿ ನಿಂತುಹೋಗುವುದುಂಟು.

ಆದುದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಶುಚಿಮಾಡುವುದು ಮೇಲು. ಮೊದಲು ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತಿಡತಕ್ಕದ್ದು. ಯು.ಪಿ.ಎಸ್. ಇದ್ದರೆ ಅದರಿಂದಲೂ ಬಿಡಿಸಬೇಕು. ಮನೆಗೆ ಕರೆಂಟು ಬಾರದಿದ್ದಾಗಲೂ ಅದು ವಿದ್ಯುತ್ತನ್ನು ಕೊಡುತ್ತಿರುವುದು. ಬಳಿಕ ಪಕ್ಕದ ಮುಚ್ಚಳವನ್ನು ತೆಗೆದು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ, ಮೈಮೇಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಬೀಸಣಿಗೆಯು ತಿರುಗದಂತೆ ಬೆರಳಿನಿಂದ ಹಿಡಿದು, ಒಣಗಿದ ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆಯಬೇಕು. ಒಳಭಾಗಕ್ಕೆ ಒದ್ದೆಬಟ್ಟೆಯನ್ನು ಸೋಕಿಸಕೂಡದು.

ಒಂದು ಮಾತನ್ನು ವಾಚಕರು ಮರೆಯಬಾರದೆಂದು ವಿಜ್ಞಾಪಿಸುತ್ತೇವೆ. ಯಂತ್ರಕ್ಕೆ ವಿದ್ಯುತ್ತನ್ನು ಒದಗಿಸುವ ಒಳಪೆಟ್ಟಿಗೆಯನ್ನು ಎಂದಿಗೂ ಬಿಚ್ಚಕೂಡದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಹೊರಗಿನ ಜಾಲರಿಯ ಧೂಳನ್ನು ಕೊಡವಿದರೆ ಸಾಕು; ಮಿಕ್ಕುದನ್ನು ಬಲ್ಲವರಿಗೆ ಒಪ್ಪಿಸತಕ್ಕದ್ದು. ಮಕ್ಕಳು ಬಳಿಯಲ್ಲಿ ನಿಂತು ನೋಡಿ ಕಲಿಯಲಿ. ಸ್ಕ್ರೂಡ್ರೈವರು ಮಾತ್ರ ದೊಡ್ಡವರ ಕೈಯಲ್ಲಿಯೇ ಇರಲಿ.