ಗೆಲೀನಾಕ್ಕೆ ಎರಡೇ ಸಾಲೆ?



ನಿವೃತ್ತ ದಂಪತಿಗಳು ಅಡಿಗೆಮನೆ, ಶಯ್ಯೆಗಳನ್ನೊಳಗೊಂಡ ಆರ್‌ವಿ ವಾಹನದಲ್ಲಿ ಅಮೆರಿಕದ ಹಳೆಯ ಪಟ್ಟಣಗಳನ್ನು ಸಂದರ್ಶಿಸಿದುದರ ಕುರಿತು ಪತ್ರಿಕೆಯಲ್ಲಿ ಬಂದ ಲೇಖನವು ಸೊಗಸಾಗಿದೆಯಾದರೂ, ಇಲಿನಾಯ್ ರಾಜ್ಯದ ಗೆಲೀನಾವನ್ನು ಎರಡೇ ಸಾಲಿನಲ್ಲಿ ಮುಗಿಸಿದುದು ನನಗೆ ಸಮ್ಮತವಾಗಲಿಲ್ಲ. ಸೀಸದ ಗಣಿಗಳಿಂದ ಸಂಪನ್ನವಾಗಿ, ಹೊಳೆಯಲ್ಲಿ ಹೂಳು ತುಂಬಿ ಉಗಿಹಡಗುಗಳು ಬಾರದಾದ ಮೇಲೆ ಕಳೆಗುಂದಿ, ಹೊಸತನ್ನು ಕಟ್ಟುವ ಐಶ್ವರ್ಯವಿಲ್ಲದುದರಿಂದಲೇ (ಬಡತನದ ಉಪಕಾರವೆನ್ನೋಣ!) ಇಟ್ಟಿಗೆಯ ಮಳಿಗೆಸಾಲನ್ನು ಉಳಿಸಿಕೊಂಡ ಊರದು. 1860ರಲ್ಲಿ ತಂದೆಯ ಚರ್ಮದಂಗಡಿಯಲ್ಲಿ ದುಡಿಯಲು ಅಲ್ಲಿಗೆ ಬಂದ ಯುಲಿಸಿಸ್ ಗ್ರಾಂಟರು 1869ರಲ್ಲಿ ರಾಷ್ಟ್ರಾಧ್ಯಕ್ಷರಾದುದನ್ನೂ, ಅಂತರ್ಯುದ್ಧ ಮುಗಿದ 1865ರಲ್ಲಿ ಪೌರರು ಅವರಿಗೆ ಕೊಡುಗೆಯಾಗಿತ್ತ ಮನೆಯು ಇಂದಿಗೂ ಪ್ರೇಕ್ಷಣೀಯವಾಗಿರುವುದನ್ನೂ ಲೇಖಕರು ಹೇಳಬೇಕಿತ್ತು. ಅಲ್ಲಿಗೆ ಹೋಗುವ ಹಿರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಆ ಭಾರಿ ವಾಹನವನ್ನು ಇಕ್ಕಟ್ಟಾದ ಮುಖ್ಯಬೀದಿಗೆ ನುಗ್ಗಿಸದೆ, ಊರ ಹೊರಗೆ ನಿಲ್ಲಿಸಿ, ಗುಡ್ಡಕ್ಕೇರುವ ಮೆಟ್ಟಿಲುಗಳನ್ನು ಮೆಲ್ಲಗೆ ಹತ್ತಿ, ನಡೆದೇ ನೋಡಿರಿ.

— ಓರ್ವ ವಾಚಕ